ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ಮೊಬೈಲಿನಲ್ಲಿ ಓದಲು ಬರುತ್ತಿಲ್ಲವೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ತಂದೆಯವರು ಹೇಳಿ ಬರೆಸಿದ ಆತ್ಮಕಥನವನ್ನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮನೆಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸಿ ವರ್ಡ್ ಕಡತವಾಗಿ ಟೈಪ್ ಮಾಡಿದ್ದೆ. ಆ ಯಂತ್ರ ಈಗ ಕೈಕೊಡುತ್ತಿರುವುದರಿಂದ ಕಡತವನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. ಕನ್ನಡದ ಒಂದು ಅಕ್ಷರವೂ ಕಾಣದೆ ಇಂಗ್ಲಿಷ್ ಅಕ್ಷರಗಳು, ಪೌಂಡ್ ಗುರುತು, ತಲೆಯ ಮೇಲೆ ಗೆರೆಯಿರುವ ಅಕ್ಷರಗಳು ತುಂಬಿದ್ದವು. ಅಂಗಡಿಯವರು ನುಡಿ ಹಾಕಿಕೊಟ್ಟ ಮೇಲೆ ಲ್ಯಾಪ್‌ಟಾಪಿನಲ್ಲಿ ಸರಿಯಾಯಿತು. ಆದರೆ ವಿದೇಶದಲ್ಲಿರುವ ಮಗಳಿಗೆ ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದರೆ ಅವಳ ಮೊಬೈಲಿನಲ್ಲಿ ಮತ್ತೆ ಅದೇ ಗತಿ. ಕಡತ ಕೆಟ್ಟಿದೆಯೇ? ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಬೇಕೇ? ಮುಂದೆ ಇದನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಆಸೆಯೂ ಇದೆ.

ಉತ್ತರ: ಕಡತ ಕೆಟ್ಟಿಲ್ಲ, ಮತ್ತೆ ಟೈಪ್ ಮಾಡುವ ಅಗತ್ಯವೂ ಇಲ್ಲ. ಲ್ಯಾಪ್‌ಟಾಪಿಗೆ ನುಡಿಯ ಫಾಂಟ್ ಹಾಕಿದೊಡನೆ ಬರಹವೆಲ್ಲ ಸರಿಯಾಗಿ ಕಂಡಿತೆಂಬ ನಿಮ್ಮ ಮಾತೇ ಅದಕ್ಕೆ ಸಾಕ್ಷಿ. ಆದರೆ ಅಂಗಡಿಯವರು ಮಾಡಿಕೊಟ್ಟದ್ದು ಆ ಒಂದು ಯಂತ್ರದ ಮಟ್ಟಿಗಿನ ಉಪಾಯ. ಕಡತ ಎಲ್ಲಿಗೆ ಹೋದರೂ ಓದಲು ಬರಬೇಕಾದರೆ ಅದನ್ನು ಒಮ್ಮೆ ಯೂನಿಕೋಡಿಗೆ, ಅಂದರೆ ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ ಕ್ರಮಕ್ಕೆ, ಪರಿವರ್ತಿಸಿ, ಬಳಿಕ ಮೂಲದೊಂದಿಗೆ ಹೋಲಿಸಿ ತಿದ್ದಬೇಕು. ಪರಿವರ್ತನೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ತಿದ್ದುವುದಕ್ಕೆ ಮಾತ್ರ ದಿನಗಳು ಹಿಡಿಯುತ್ತವೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಕೈಬಿಡುವವರೇ ಹೆಚ್ಚಾದ್ದರಿಂದ ತಿದ್ದುವ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇನೆ.

ಹೀಗಾಗುವುದರ ಕಾರಣ ತಿಳಿದಿದ್ದರೆ ಮುಂದಿನ ಹೆಜ್ಜೆಗಳು ಸುಲಭ. ಕಂಪ್ಯೂಟರು ಪ್ರತಿಯೊಂದು ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಉಳಿಸಿಕೊಳ್ಳುತ್ತದೆ. ನೀವು ಟೈಪ್ ಮಾಡಿದ ಕಾಲದಲ್ಲಿ ಮನೆಗಳಲ್ಲಿ ಬಳಕೆಯಲ್ಲಿದ್ದ ತಂತ್ರಾಂಶಗಳಿಗೆ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಸ್ಥಾನಗಳು ದೊರೆಯುತ್ತಿದ್ದವು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳಿಗೆ ಮೀಸಲಾದವು. ಕನ್ನಡದ ಕಾಗುಣಿತ ಮತ್ತು ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳಾಗುತ್ತವೆ. ಆದ್ದರಿಂದ ಅಕ್ಷರಗಳನ್ನು ತಲಕಟ್ಟು, ಕೊಂಬು, ಒತ್ತು ಎಂದು ತುಣುಕುಗಳಾಗಿ ಒಡೆದು, ಒಂದೊಂದು ತುಣುಕನ್ನೂ ಇಂಗ್ಲಿಷ್ ಅಕ್ಷರವೊಂದರ ಸ್ಥಾನದಲ್ಲಿ ಕೂರಿಸಲಾಯಿತು. ಇವನ್ನೇ ಜನ ಆಸ್ಕಿ ಫಾಂಟುಗಳೆಂದು ಕರೆಯುತ್ತಾರೆ. ನಿಮ್ಮ ಕಡತದಲ್ಲಿ ‘ಕನ್ನಡ’ ಎಂಬ ಪದವು ಏಳು ತುಣುಕುಗಳಾಗಿ ಉಳಿದಿದೆ. ‘ಕ’ದ ದೇಹಕ್ಕೆ 80, ಅದು ಇಂಗ್ಲಿಷಿನ ದೊಡ್ಡ ‘ಪಿ’ಯ ಸಂಖ್ಯೆ. ತಲಕಟ್ಟಿಗೆ 192, ಅದು ತಲೆಯ ಮೇಲೆ ಗೆರೆಯಿರುವ ‘ಎ’. ‘ನ’ದ ದೇಹಕ್ಕೆ 163, ಅದು ನೀವು ಕಂಡ ಪೌಂಡ್ ಗುರುತು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿಸಿಕೊಂಡ ಪಾತ್ರಧಾರಿಯಂತೆ ಇಂಗ್ಲಿಷ್ ಅಕ್ಷರಗಳು ಫಾಂಟ್ ಇರುವವರೆಗೆ ಕನ್ನಡವಾಗಿ ಕುಣಿಯುತ್ತವೆ, ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತವೆ.

ಯೂನಿಕೋಡಿನಲ್ಲಿ ಈ ತೊಡಕಿಲ್ಲ. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದೆ. 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡದವು, ಅವುಗಳಲ್ಲಿ 3221 ಎಂದರೆ ಜಗತ್ತಿನ ಯಾವ ಸಾಧನದಲ್ಲಾದರೂ ‘ಕ’ವೇ. ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾಗುತ್ತದೆಯೇ ಹೊರತು ಅಕ್ಷರ ಬದಲಾಗುವುದಿಲ್ಲ. ನೀವು ಮೊಬೈಲಿನಲ್ಲಿ ದಿನವೂ ಓದುವ ಸುದ್ದಿ, ಸಂದೇಶಗಳೆಲ್ಲ ಯೂನಿಕೋಡಿನಲ್ಲೇ ಇರುತ್ತವೆ.

ಮಗಳ ಮೊಬೈಲಿಗೂ ನುಡಿಯ ಫಾಂಟ್ ಹಾಕಿಸಿದರಾಯಿತಲ್ಲ ಎಂದು ಅನ್ನಿಸಬಹುದು. ಮೊಬೈಲಿಗೆ ಹೊರಗಿನ ಫಾಂಟ್ ಸೇರಿಸುವುದು ಲ್ಯಾಪ್‌ಟಾಪಿನಷ್ಟು ಸರಳವಲ್ಲ, ಸೇರಿಸಿದರೂ ಲಾಭ ಆ ಒಂದು ಸಾಧನಕ್ಕೆ ಮಾತ್ರ. ಅದಕ್ಕಿಂತ ದೊಡ್ಡ ತೊಂದರೆ ಹುಡುಕಾಟದ್ದು. ಇಂತಹ ಕಡತದಲ್ಲಿ ‘ಅಜ್ಜ’ ಎಂದು ಈಗಿನ ಕೀಲಿಮಣೆಯಿಂದ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಎಕ್ಸೆಲ್‌ನಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೊರಟರೆ ಇಂಗ್ಲಿಷ್ ಸಂಖ್ಯೆಗಳ ಕ್ರಮದಲ್ಲಿ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ. ದೃಷ್ಟಿ ಮಂದವಾದ ಹಿರಿಯರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಫೋನುಗಳಲ್ಲೇ ಇದೆ, ಆದರೆ ಅದಕ್ಕೂ ಈ ಕಡತದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಮಾತ್ರ.

ಇಂದೇ ಮಗಳಿಗೆ ಓದಲು ಕೊಡಬೇಕೆಂದಿದ್ದರೆ ಒಂದು ದಾರಿ ಇದೆ. ನುಡಿ ಇರುವ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಡತವನ್ನು ತೆರೆದು, ವರ್ಡ್‌ನ ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆಯ್ದು ಉಳಿಸಿ, ಆ ಪಿಡಿಎಫ್ ಅನ್ನು ಕಳುಹಿಸಿ. ಪಿಡಿಎಫ್ ತನಗೆ ಬೇಕಾದ ಫಾಂಟನ್ನು ತನ್ನೊಳಗೇ ಹೊತ್ತುಕೊಂಡು ಹೋಗುವುದರಿಂದ ಎಲ್ಲಿ ತೆರೆದರೂ ಕನ್ನಡವಾಗಿ ಕಾಣುತ್ತದೆ. ಅದರಿಂದ ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಮತ್ತೆ ಅದೇ ಪೌಂಡ್ ಗುರುತುಗಳು ಬರುತ್ತವೆ, ಆದ್ದರಿಂದ ಇದನ್ನು ಕೊನೆಯ ಪರಿಹಾರವೆಂದು ಭಾವಿಸಬೇಡಿ.

ಇನ್ನು ಪರಿವರ್ತನೆಯ ವಿಷಯ. ಮೊದಲು ಮೂಲ ಕಡತದ ಎರಡು ನಕಲು ಮಾಡಿ, ಒಂದನ್ನು ಪೆನ್‌ಡ್ರೈವಿನಲ್ಲೂ ಇನ್ನೊಂದನ್ನು ನಿಮ್ಮದೇ ಇಮೇಲ್ ಅಥವಾ ಗೂಗಲ್ ಡ್ರೈವ್‌ನಲ್ಲೂ ಇಟ್ಟುಬಿಡಿ. ಮುಂದಿನ ಕೆಲಸವೆಲ್ಲ ಮೂರನೆಯ ನಕಲಿನ ಮೇಲೆ ನಡೆಯಲಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರಿನ ಒಳಗಿರುವ ‘ಫಾಂಟ್ಸ್’ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ. ಇದನ್ನು ಮರೆಯುವವರು ಬಹಳ. ನುಡಿಯ ಫಾಂಟುಗಳೂ ‘ಬರಹ’ ಎಂಬ ಇನ್ನೊಂದು ಕನ್ನಡ ತಂತ್ರಾಂಶದ ಫಾಂಟುಗಳೂ ಈಗಲೂ ಸಿಗುತ್ತವೆ, ಆದರೆ ಆ ಕಾಲದ ಇತರ ಕೆಲವು ಫಾಂಟುಗಳು ಆ ಯಂತ್ರದ ಹೊರತು ಇನ್ನೆಲ್ಲೂ ಸಿಗದಿರಬಹುದು. ಫಾಂಟ್ ಕಳೆದುಹೋದರೆ ಕಡತ ಕೈಯಲ್ಲಿದ್ದೂ ಓದುವಂತಿಲ್ಲ.

ನಕಲನ್ನು ತೆರೆದೊಡನೆ ಮಾಡಬೇಕಾದ ಕೆಲಸವೆಂದರೆ ವರ್ಡ್‌ನ ‘ಆಟೋಕರೆಕ್ಟ್’ ಆಯ್ಕೆಗಳನ್ನೆಲ್ಲ ನಿಲ್ಲಿಸುವುದು. ವರ್ಡ್ ನಿಮ್ಮ ಬರಹವನ್ನು ಇಂಗ್ಲಿಷ್ ಎಂದೇ ತಿಳಿದಿರುತ್ತದೆ. ನೀವು ಒಂದು ವಾಕ್ಯವನ್ನು ತಿದ್ದಲು ಹೊರಟರೆ ಅದರ ಮೊದಲ ಅಕ್ಷರವನ್ನು ದೊಡ್ಡದು ಮಾಡಿಬಿಡಬಹುದು, ಉದ್ಧರಣ ಚಿಹ್ನೆಗಳನ್ನು ಬದಲಿಸಬಹುದು. ಆಸ್ಕಿ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರವೊಂದು ಕನ್ನಡದ ಒಂದು ತುಣುಕಾದರೆ ಅದೇ ದೊಡ್ಡ ಅಕ್ಷರ ಇನ್ನೊಂದು ತುಣುಕು, ಹಾಗಾಗಿ ಪದವೇ ಬೇರೆಯಾಗುತ್ತದೆ. ಇದೇ ಕಾರಣಕ್ಕೆ ಮೂಲ ಕಡತವನ್ನು ಮೊಬೈಲಿನ ಆ್ಯಪ್‌ಗಳಲ್ಲಿ ತೆರೆದು ‘ಸೇವ್’ ಒತ್ತುವುದನ್ನೂ ತಪ್ಪಿಸಿ. ನಿಮ್ಮ ಕಡತ ಈವರೆಗೆ ಕೆಟ್ಟಿಲ್ಲ, ಕೆಡುವ ಸಾಧ್ಯತೆ ಇರುವುದು ಇಂತಹ ಕಡೆ.

ಬಳಿಕ ಬರಹದ ನಡುವೆ ಕರ್ಸರ್ ಇಟ್ಟು, ವರ್ಡ್‌ನ ಮೇಲ್ಪಟ್ಟಿಯಲ್ಲಿ ಫಾಂಟಿನ ಹೆಸರು ಏನಿದೆಯೆಂದು ನೋಡಿ. ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ತೋರಿಸುತ್ತದೆ. ಹೆಸರು ‘ನುಡಿ’ ಎಂದು ಆರಂಭವಾದರೆ ಅಥವಾ ಬರಹದ ‘ಬಿಆರ್‌ಎಚ್’ ಸರಣಿಯದಾದರೆ ಕೆಲಸ ಹಗುರ. ಇವು ಕರ್ನಾಟಕ ಸರ್ಕಾರದ ಶಿಷ್ಟತೆಯನ್ನು ಅನುಸರಿಸುವುದರಿಂದ ಒಂದೇ ಪರಿವರ್ತಕ ಎರಡಕ್ಕೂ ಸಾಮಾನ್ಯವಾಗಿ ಸಾಕಾಗುತ್ತದೆ. ಶ್ರೀಲಿಪಿ, ಆಕೃತಿ ಮೊದಲಾದ ಬೇರೆ ತಂತ್ರಾಂಶಗಳ ಫಾಂಟುಗಳಲ್ಲಿ ತುಣುಕುಗಳ ಜೋಡಣೆಯೇ ಬೇರೆ, ಅವನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಫಲಿತಾಂಶವೂ ಗೊಂದಲವೇ. ಒಂದೇ ಕಡತದಲ್ಲಿ ಶೀರ್ಷಿಕೆಗೆ ಒಂದು, ಒಡಲಿಗೆ ಇನ್ನೊಂದು ಫಾಂಟ್ ಬಳಸಿರುವುದೂ ಉಂಟು, ಆದ್ದರಿಂದ ನಾಲ್ಕಾರು ಕಡೆ ಕರ್ಸರ್ ಇಟ್ಟು ನೋಡುವುದು ಮೇಲು.

ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಜಾಲತಾಣಗಳು ಹಲವಿವೆ, ಬರಹ ತಂತ್ರಾಂಶದ ಜೊತೆಗೂ ಪರಿವರ್ತಕ ಬರುತ್ತದೆ. ಜಾಲತಾಣದಲ್ಲಿ ಎರಡು ಚೌಕಗಳಿರುತ್ತವೆ. ಒಂದರಲ್ಲಿ ಹಳೆಯ ಬರಹವನ್ನು ಪೇಸ್ಟ್ ಮಾಡಿ ಗುಂಡಿ ಒತ್ತಿದರೆ ಇನ್ನೊಂದರಲ್ಲಿ ಯೂನಿಕೋಡ್ ಬರಹ ಮೂಡುತ್ತದೆ. ಪೇಸ್ಟ್ ಮಾಡಿದಾಗ ಮೊದಲ ಚೌಕದಲ್ಲಿ ಅರ್ಥವಾಗದ ಚಿಹ್ನೆಗಳೇ ಕಾಣುತ್ತವೆ, ಅದು ಸರಿಯಾದದ್ದೇ, ಗಾಬರಿ ಬೇಡ. ಆತ್ಮಕಥನವೆಂದರೆ ಮನೆಯ ಮಾತು, ಅದನ್ನು ಅಪರಿಚಿತ ತಾಣಕ್ಕೆ ಒಪ್ಪಿಸಬಹುದೇ ಎಂಬ ಸಂಕೋಚ ನಿಮಗೆ ಬಂದರೆ ಅದು ನ್ಯಾಯವಾದದ್ದು. ಇದಕ್ಕೊಂದು ಸರಳ ಪರೀಕ್ಷೆ ಇದೆ. ಪುಟ ಪೂರ್ತಿ ತೆರೆದುಕೊಂಡ ಮೇಲೆ ವೈಫೈ ನಿಲ್ಲಿಸಿ, ನಾಲ್ಕು ಸಾಲು ಪರಿವರ್ತಿಸಿ ನೋಡಿ. ಆಗಲೂ ಕೆಲಸ ನಡೆದರೆ ಪರಿವರ್ತನೆ ನಿಮ್ಮ ಯಂತ್ರದೊಳಗೇ ಆಗುತ್ತಿದೆ ಎಂದರ್ಥ, ಹಾಗೆಯೇ ವೈಫೈ ಇಲ್ಲದೆ ಎಲ್ಲವನ್ನೂ ಮುಗಿಸಿ, ಪುಟವನ್ನು ಮುಚ್ಚಿದ ಮೇಲೆ ವೈಫೈ ಹಾಕಿಕೊಳ್ಳಿ. ಜಮೀನಿನ ಪತ್ರ, ಬ್ಯಾಂಕಿನ ವಿವರಗಳಂತಹವನ್ನು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗದ ತಾಣಕ್ಕೆ ಹಾಕಲೇಬೇಡಿ. ನುಡಿಯನ್ನು ಮತ್ತೆ ಇಳಿಸಿಕೊಳ್ಳುವ ಪ್ರಸಂಗ ಬಂದರೂ ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಅಥವಾ ಸರ್ಕಾರದ ತಾಣದಿಂದಲೇ ಪಡೆಯಿರಿ. ‘ಉಚಿತ ಫಾಂಟ್’ ಎಂಬ ಹೆಸರಿನಲ್ಲಿ ಬೇರೇನನ್ನೋ ಯಂತ್ರಕ್ಕೆ ತುಂಬುವ ತಾಣಗಳಿಗೆ ಕೊರತೆಯಿಲ್ಲ.

ಇಡೀ ಪುಸ್ತಕವನ್ನು ಒಮ್ಮೆಲೇ ಸುರಿಯದೆ ಅಧ್ಯಾಯದಿಂದ ಅಧ್ಯಾಯಕ್ಕೆ ಸಾಗಿ. ಬಂದ ಬರಹವನ್ನು ಹೊಸ ವರ್ಡ್ ಕಡತದಲ್ಲಿ, ಹಳೆಯ ವಿನ್ಯಾಸ ಅಂಟಿಕೊಂಡು ಬರದಂತೆ ಬರಿಯ ಪಠ್ಯವಾಗಿ ಪೇಸ್ಟ್ ಮಾಡಿ, ನಿರ್ಮಲಾ ಯುಐ, ತುಂಗಾ, ನೋಟೊ ಸೆರಿಫ್ ಕನ್ನಡ ಮುಂತಾದ ಯಾವುದಾದರೂ ಯೂನಿಕೋಡ್ ಫಾಂಟನ್ನು ಕೊಡಿ. ದಪ್ಪಕ್ಷರ, ಓರೆಯಕ್ಷರ, ಕೋಷ್ಟಕಗಳು ಈ ಹಾದಿಯಲ್ಲಿ ಕಳೆದುಹೋಗುತ್ತವೆ. ಆತ್ಮಕಥನದಲ್ಲಿ ಅವು ಹೆಚ್ಚಿರಲಾರವಾದ್ದರಿಂದ ಕೈಯಿಂದಲೇ ಮತ್ತೆ ಹಾಕಿಕೊಳ್ಳಬಹುದು.

ಈಗ ತಿದ್ದುವ ಕೆಲಸ. ಹಳೆಯ ಕಡತದಲ್ಲಿ ತುಣುಕುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿವೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿರಬೇಕು. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತನ್ನು ನಾವು ಕೊನೆಯಲ್ಲಿ ಹಾಕುತ್ತೇವೆ, ಆದರೆ ನುಡಿಯುವಾಗ ‘ರ್’ ಮೊದಲು, ‘ಯ’ ಆಮೇಲೆ. ‘ಕ್ರಿಯೆ’ಯಲ್ಲಿ ಗುಡಿಸು ಮೊದಲು, ರ ಒತ್ತು ನಂತರ ಕುಳಿತಿರುತ್ತದೆ, ಯೂನಿಕೋಡಿಗೆ ಇದರ ಹಿಮ್ಮೊಗ ಬೇಕು. ಪರಿವರ್ತಕ ಈ ಅದಲುಬದಲನ್ನು ತಾನೇ ಮಾಡಬೇಕು, ಸಾಮಾನ್ಯವಾಗಿ ಮಾಡುತ್ತದೆ. ಎರಡು ಒತ್ತುಗಳು ಕೂಡಿದ ‘ರಾಷ್ಟ್ರ’, ‘ಸ್ತ್ರೀ’, ಅರ್ಕಾವೊತ್ತಿನ ಜೊತೆಗೆ ದೀರ್ಘವೂ ಇರುವ ‘ದೀರ್ಘಾಯು’, ‘ಕಾರ್ಯಾಲಯ’ದಂತಹ ಪದಗಳಲ್ಲಿ ಕೆಲವೊಮ್ಮೆ ಎಡವುತ್ತದೆ. ಆ ಬಗೆಯ ಹತ್ತಿಪ್ಪತ್ತು ಪದಗಳನ್ನು ಮೂಲದಿಂದ ಆರಿಸಿ ಮೊದಲೇ ಪರಿವರ್ತಿಸಿ ನೋಡಿದರೆ ನಿಮ್ಮ ಕೈಯಲ್ಲಿರುವ ಪರಿವರ್ತಕದ ಗುಣ ತಿಳಿದುಹೋಗುತ್ತದೆ. ಹಿಡಿಸದಿದ್ದರೆ ಬೇರೊಂದನ್ನು ಹುಡುಕಿ.

ಎರಡನೆಯ ಬಗೆಯ ತಪ್ಪು ಪರಿವರ್ತಕದ್ದಲ್ಲ, ಟೈಪ್ ಮಾಡಿದವರ ಕೈಯದ್ದು, ಇದು ನನ್ನ ಅನುಭವದಲ್ಲಿ ಅತ್ಯಂತ ಹಟಮಾರಿ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ಕಾಣಲು ಒಂದೇ ರೀತಿ ಇರುವುದರಿಂದ ‘ಅಂಗಡಿ’ ಎನ್ನುವಲ್ಲಿ ಅಂಕಿಯನ್ನೇ ಒತ್ತಿ ‘ಅ೦ಗಡಿ’ ಎಂದು ಟೈಪ್ ಮಾಡಿದವರು ಅಸಂಖ್ಯ. ಅರ್ಕಾವೊತ್ತಿನ ಬದಲಿಗೆ ಒಂಬತ್ತರ ಅಂಕಿಯನ್ನು ಒತ್ತಿ ‘ಸೂಯ೯’ ಎಂದವರೂ ಇದ್ದಾರೆ. ಕಾಗದದ ಮೇಲೆ ಅಚ್ಚಾಗುವವರೆಗೆ ಇದರಿಂದ ಯಾವ ಬಾಧಕವೂ ಇರಲಿಲ್ಲ. ಯೂನಿಕೋಡಿಗೆ ಬಂದ ಮೇಲೆ ಕಣ್ಣಿಗೆ ಪದ ಸರಿಯಾಗಿಯೇ ಕಂಡರೂ ಹುಡುಕಿದಾಗ ಸಿಗುವುದಿಲ್ಲ, ಗಟ್ಟಿಯಾಗಿ ಓದುವ ತಂತ್ರಾಂಶವು ನಡುವೆ ‘ಸೊನ್ನೆ’ ಎಂದು ಉಚ್ಚರಿಸುತ್ತದೆ. ಇದನ್ನು ಕಣ್ಣಿನಿಂದ ಹಿಡಿಯಲು ಹೋಗಬೇಡಿ. ವರ್ಡ್‌ನ ‘ಫೈಂಡ್’ನಲ್ಲಿ ಅಂಕಿಯ ‘೦’ ಮತ್ತು ‘೯’ಗಳನ್ನು ಹುಡುಕುತ್ತಾ ಸಾಗಿ. ಇಸವಿ, ದಿನಾಂಕ, ಮೊತ್ತಗಳಲ್ಲಿ ಬಂದವನ್ನು ಬಿಟ್ಟು, ಪದದೊಳಗೆ ಅಡಗಿದವನ್ನು ಒಂದೊಂದಾಗಿ ತಿದ್ದಿ. ಎಲ್ಲವನ್ನೂ ಒಮ್ಮೆಲೇ ಬದಲಿಸುವ ಗುಂಡಿಯನ್ನು ಒತ್ತಿದರೆ ತಂದೆಯವರ ಜನ್ಮವರ್ಷವೇ ಅನುಸ್ವಾರವಾದೀತು.

ಮೂರನೆಯದು ಅರ್ಧಾಕ್ಷರದ ಪಕ್ಕದಲ್ಲಿ ಒತ್ತಿಲ್ಲದೆ ನಿಲ್ಲಬೇಕಾದ ವ್ಯಂಜನಗಳ ವಿಷಯ. ಹಳೆಯ ಫಾಂಟಿನಲ್ಲಿ ‘ರಾಜ್‌ಕುಮಾರ್’ ಎಂದಿದ್ದದ್ದು ಪರಿವರ್ತನೆಯ ನಂತರ ‘ರಾಜ್ಕುಮಾರ್’ ಆಗಬಹುದು, ಏಕೆಂದರೆ ಯೂನಿಕೋಡಿನಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ತಾನಾಗಿಯೇ ಒತ್ತಾಗುತ್ತದೆ. ಹಾಗಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇರಿಸಬೇಕಾಗುತ್ತದೆ. ಇದೇ ತರಹದ ಇನ್ನೊಂದು ಅದೃಶ್ಯ ಚಿಹ್ನೆ ‘ರ‍್ಯಾಂಕ್’ನಲ್ಲಿ ರ ಅಕ್ಷರವನ್ನು ಇಡಿಯಾಗಿ ನಿಲ್ಲಿಸುತ್ತದೆ, ಅದಿಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಮೂಡುತ್ತದೆ. ಇವನ್ನು ಟೈಪ್ ಮಾಡುವ ಕೀಲಿ ಒಂದೊಂದು ತಂತ್ರಾಂಶದಲ್ಲಿ ಒಂದೊಂದು. ಅದನ್ನು ಹುಡುಕುವ ಬದಲು, ಎಲ್ಲಾದರೂ ಸರಿಯಾಗಿ ಬಂದಿರುವ ಪದವನ್ನು ಕಾಪಿ ಮಾಡಿ ತಪ್ಪಿರುವ ಜಾಗದಲ್ಲಿ ಪೇಸ್ಟ್ ಮಾಡುವುದು ಮನೆಬಳಕೆಗೆ ಸಾಕು.

ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಉದಾಹರಣೆಗೆ ಊರಿನ ವಿಳಾಸ ಅಥವಾ ಪದವಿಯ ಹೆಸರು, ಪರಿವರ್ತಕಕ್ಕೆ ಅವು ಇಂಗ್ಲಿಷ್ ಎಂದು ತಿಳಿಯುವ ಬಗೆಯಿಲ್ಲದೆ ಅವನ್ನೂ ಕನ್ನಡದ ತುಣುಕುಗಳಾಗಿ ಕಲಸಿಬಿಡುತ್ತದೆ. ಅವನ್ನು ಮೂಲ ನೋಡಿ ಹೊಸದಾಗಿ ಟೈಪ್ ಮಾಡಿ. ‘ಮ’ ಮತ್ತು ‘ವು’ ಅಕ್ಷರಗಳ ಮೇಲೂ ಒಂದು ಕಣ್ಣಿರಲಿ, ಏಕೆಂದರೆ ಹಳೆಯ ಫಾಂಟಿನಲ್ಲಿ ಎರಡಕ್ಕೂ ‘ವ’ದ ದೇಹವೇ ಆಧಾರ, ಕೊನೆಯ ಒಂದು ತುಣುಕು ಮಾತ್ರ ಬೇರೆ.

ತಿದ್ದುವಾಗ ಪರದೆಯ ಎಡಭಾಗದಲ್ಲಿ ನುಡಿಯ ಮೂಲ, ಬಲಭಾಗದಲ್ಲಿ ಯೂನಿಕೋಡ್ ಪ್ರತಿ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯ ಉಪಾಯವೆಂದರೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹೊಸ ಪ್ರತಿಯಲ್ಲಿ ಬೆರಳಿಟ್ಟು ಹಿಂಬಾಲಿಸುವುದು. ಶಿಕ್ಷಕರಾಗಿದ್ದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲು ಸಾಲಾಗಿ ಓದುವಾಗ ತಂದೆಯವರ ಭಾಷೆಯ ಮಲೆನಾಡಿನ ರೂಪಗಳು ಎದುರಾಗುತ್ತವೆ. ಅವನ್ನು ತಪ್ಪೆಂದು ಭಾವಿಸಿ ಗ್ರಾಂಥಿಕಕ್ಕೆ ಬದಲಿಸುವ ಮೊದಲು ಮೂಲ ಕಡತದಲ್ಲಿ ಏನಿದೆಯೆಂದು ನೋಡಿ.

ಒಂದು ವೇಳೆ ಕೆಲವು ಅಧ್ಯಾಯಗಳ ಕಡತವೇ ಸಿಗದೆ ಮುದ್ರಿತ ಹಾಳೆಗಳು ಮಾತ್ರ ಉಳಿದಿದ್ದರೆ, ಅಥವಾ ಫಾಂಟಿಗೆ ತಕ್ಕ ಪರಿವರ್ತಕ ದೊರೆಯದಿದ್ದರೆ, ಆ ಹಾಳೆಗಳನ್ನು ಬೆಳಕು ಸಮವಾಗಿ ಬೀಳುವಂತೆ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದಲ್ಲಿರುವ ಕನ್ನಡವನ್ನು ಅದು ಗುರುತಿಸಿ ಯೂನಿಕೋಡ್ ಪಠ್ಯವಾಗಿ ಕೊಡುತ್ತದೆ. ಅಚ್ಚುಕಟ್ಟಾದ ಮುದ್ರಣವಿದ್ದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ, ಒತ್ತುಗಳಲ್ಲಿ ಮಾತ್ರ ತಪ್ಪು ನುಸುಳುತ್ತವೆ.

ಪುಸ್ತಕದ ವಿಷಯಕ್ಕೆ ಬಂದರೆ, ಮುದ್ರಣಾಲಯಕ್ಕೆ ಹೋಗುವ ಮೊದಲು ಅವರು ಯಾವ ತಂತ್ರಾಂಶದಲ್ಲಿ ಪುಟ ಕಟ್ಟುತ್ತಾರೆಂದು ಕೇಳಿ. ಹಲವೆಡೆ ಇನ್ನೂ ಪೇಜ್‌ಮೇಕರ್ ಬಳಕೆಯಲ್ಲಿದೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ಬಾರದು, ಆದ್ದರಿಂದ ಅವರು ನುಡಿಯ ಕಡತವನ್ನೇ ಕೇಳುತ್ತಾರೆ. ಹೊಸ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಹಾಕಿಕೊಂಡರೆ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಎರಡರಲ್ಲಿ ಆಯ್ಕೆಯಿದ್ದರೆ ಇನ್‌ಡಿಸೈನ್ ಬಳಸುವವರನ್ನೇ ಹುಡುಕಿ ಎಂಬುದು ನನ್ನ ಸಲಹೆ, ಏಕೆಂದರೆ ನೀವು ಅಷ್ಟು ಕಷ್ಟಪಟ್ಟು ತಿದ್ದಿದ ಪ್ರತಿಯೇ ಅಚ್ಚಿಗೆ ಹೋಗುತ್ತದೆ, ಅದೇ ಪುಟಗಳಿಂದ ಮುಂದೆ ಇ-ಪುಸ್ತಕವನ್ನೂ ಮಾಡಬಹುದು. ಹಾಗೆ ಸಿಗದಿದ್ದರೆ ತಿದ್ದಿದ ಯೂನಿಕೋಡ್ ಪ್ರತಿಯನ್ನು ಮತ್ತೆ ಆಸ್ಕಿಗೆ ತಿರುಗಿಸಿ ಕೊಡಬೇಕಾಗುತ್ತದೆ. ಅದಕ್ಕೂ ಪರಿವರ್ತಕಗಳಿವೆ, ಆದರೆ ಕರಡು ತಿದ್ದುವ ಕೆಲಸ ಮತ್ತೊಮ್ಮೆ ಬೀಳುತ್ತದೆ. ತಿದ್ದದೆ ಉಳಿದ ಹಳೆಯ ಮೂಲವನ್ನಂತೂ ಮುದ್ರಣಕ್ಕೆ ಕೊಡಬೇಡಿ.

ಇನ್ನು ಮುಂದೆ ಟೈಪ್ ಮಾಡುವುದನ್ನೆಲ್ಲ ಯೂನಿಕೋಡಿನಲ್ಲೇ ಮಾಡಿ. ನಿಮ್ಮ ಬೆರಳುಗಳಿಗೆ ಅಭ್ಯಾಸವಾಗಿರುವ ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು, ಅದನ್ನು ಬಿಡಬೇಕಾಗಿಲ್ಲ. ನುಡಿಯ ನಂತರದ ಆವೃತ್ತಿಗಳಲ್ಲಿ ಅದೇ ಕೀಲಿಗಳಿಂದ ಯೂನಿಕೋಡ್ ಬರಹ ಮೂಡಿಸುವ ಆಯ್ಕೆಯಿದೆ, ಅಂಗಡಿಯವರು ಹಾಕಿಕೊಟ್ಟ ಆವೃತ್ತಿಯಲ್ಲಿ ಅದು ಇದೆಯೇ ಎಂದು ನೋಡಿ. ಬೇರೇನನ್ನೂ ಹಾಕಿಕೊಳ್ಳದೆ ಟೈಪ್ ಮಾಡಬೇಕೆಂದರೆ ವಿಂಡೋಸ್ 10ರ 2019ರ ಮೇ ತಿಂಗಳ ಆವೃತ್ತಿಯಿಂದ ಈಚೆಗೆ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳಲ್ಲಿ ಈ ಕೀಲಿಮಣೆಯನ್ನು ಆರಿಸಿಕೊಳ್ಳಬೇಕು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಕನ್ನಡ ಮೂಡುತ್ತದೆ, ಕೀಲಿಗಳು ನುಡಿಗಿಂತ ಕೊಂಚ ಬೇರೆ. ಮಗಳು ಮೊಬೈಲಿನಿಂದಲೇ ಒಂದೆರಡು ನೆನಪುಗಳನ್ನು ಸೇರಿಸಲು ಬಯಸಿದರೆ ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನ ಕನ್ನಡ ಸಾಕು. ಕಡತವನ್ನು ಗೂಗಲ್ ಡಾಕ್ಸ್‌ನಲ್ಲಿಟ್ಟು ಅವರಿಗೆ ‘ಕಾಮೆಂಟ್’ ಮಾಡುವ ಅನುಮತಿಯನ್ನು ಮಾತ್ರ ಕೊಡಿ, ಆಗ ಅವರ ಟಿಪ್ಪಣಿಗಳು ಬದಿಯಲ್ಲಿ ಕಾಣಿಸಿಕೊಳ್ಳುತ್ತವೆ, ನೀವು ತಿದ್ದಿ ಮುಗಿಸಿದ ಪಠ್ಯ ಹಾಗೆಯೇ ಇರುತ್ತದೆ.